ವಯಸ್ಸಾದವರ ಮರೆವು: ಬ್ರಾಹ್ಮಿ ಮಾತ್ರೆಗೆ ಮೊದಲು ಊಟ, ವಿಟಮಿನ್ ಮತ್ತು ಮಾತ್ರೆ ಡಬ್ಬಿಯ ಕಡೆ ನೋಡಿ

ಅಮ್ಮ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳತೊಡಗಿದರೆ ಸಲಹೆಗಳಿಗೆ ಬರವಿಲ್ಲ. ಬಾದಾಮಿ ನೆನೆಸಿ ಕೊಡಿ ಅಂತಾರೆ ಪಕ್ಕದ ಮನೆಯವರು. ಬ್ರಾಹ್ಮಿ ಕೊಡಿ ಅಂತಾರೆ ಚಿಕ್ಕಮ್ಮ. ವಾಟ್ಸಾಪ್‌ನಲ್ಲಿ ಯಾರೋ ಕೊಬ್ಬರಿ ಎಣ್ಣೆ ಅಂತ ಕಳಿಸುತ್ತಾರೆ. ಎಲ್ಲವೂ ಏನನ್ನಾದರೂ ಸೇರಿಸುವ ಸಲಹೆಗಳೇ. ನಾನು ಹೇಳುವುದು ಸ್ವಲ್ಪ ಬೇರೆ. ಮೊದಲು ಮೈಯಲ್ಲಿ ಏನು ಕಮ್ಮಿಯಾಗಿದೆ ನೋಡಿ. ಆಮೇಲೆ ಮಾತ್ರೆಗಳಲ್ಲಿ ಏನು ಜಾಸ್ತಿಯಾಗಿದೆ ನೋಡಿ. ಸೇರಿಸುವ ಮಾತು ಅದಾದ ಮೇಲೆ.

ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು 7.4% ಮಂದಿಗೆ ಡಿಮೆನ್ಷಿಯಾ (ದಿನದ ಬದುಕಿಗೇ ತೊಡಕಾಗುವ ಮರೆವಿನ ಕಾಯಿಲೆ) ಇದೆ ಎಂದು ದೇಶಮಟ್ಟದ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿತು. ಸಣ್ಣ ಸಂಖ್ಯೆಯೇನಲ್ಲ. ಆದರೆ ಮರೆವು ಇರುವವರೆಲ್ಲ ಆ ಲೆಕ್ಕದಲ್ಲಿ ಬರುವುದಿಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಸೋಡಿಯಂ ಇಳಿತ, ಖಿನ್ನತೆ, ನಿದ್ರೆ ಮಾತ್ರೆ, ಸರಿಯಾಗಿ ಕಿವಿ ಕೇಳದಿರುವುದು ಎಲ್ಲವೂ ನೋಡುವವರಿಗೆ ಮರೆವಿನ ಹಾಗೇ ಕಾಣುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸಬಹುದು.

ಹೆಜ್ಜೆ 1: ಎರಡು ವಾರ ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಏನು ಮರೆತರು, ಯಾವ ಹೊತ್ತಿನಲ್ಲಿ, ಆಮೇಲೆ ನೆನಪಾಯಿತೇ, ಇಷ್ಟು ಬರೆಯಿರಿ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಒಂದು ಬಗೆ. ಮೂವತ್ತು ವರ್ಷದಿಂದ ಮಾಡುತ್ತಿರುವ ಹುಳಿಗೆ ಬೇಳೆ ಹಾಕುವುದೇ ಮರೆತುಹೋಗುವುದು, ದಿನಾ ಹೋಗುವ ದೇವಸ್ಥಾನದಿಂದ ಮನೆಗೆ ಬರಲು ದಾರಿ ತಪ್ಪುವುದು, ಪಿಂಚಣಿ ಲೆಕ್ಕದಲ್ಲಿ ಗೊಂದಲ, ಇವು ಬೇರೆ ಬಗೆ. ಎರಡನೆಯದು ಕಂಡರೆ ಎರಡು ವಾರ ಮುಗಿಯಲಿ ಅಂತ ಕಾಯಬೇಡಿ, ವೈದ್ಯರ ಬಳಿ ಹೋಗಿ.

ಜೊತೆಗೆ ಪಾದ ಜುಂ ಅನ್ನುತ್ತಿದೆಯೇ, ಕತ್ತಲಲ್ಲಿ ನಡೆಯುವಾಗ ಓಲಾಡುತ್ತಾರಾ, ನಾಲಿಗೆ ಉರಿಯುತ್ತಾ, ಸುಸ್ತು, ಸಿಡುಕು ಜಾಸ್ತಿಯಾಗಿದೆಯೇ ಅಂತಲೂ ಬರೆಯಿರಿ. ಇವೆಲ್ಲ ಬಿ12 ಕೊರತೆಯಲ್ಲಿ ಕಾಣುವ ಲಕ್ಷಣಗಳು.

ನಿನ್ನೆ ಸರಿಯಿದ್ದವರು ಇವತ್ತು ಏಕಾಏಕಿ ಗೊಂದಲಕ್ಕೆ ಬಿದ್ದು ಏನೇನೋ ಮಾತಾಡುತ್ತಿದ್ದರೆ ಅದು ವಿಟಮಿನ್ ವಿಷಯವಲ್ಲ. ಮೂತ್ರದ ಸೋಂಕು, ಸಕ್ಕರೆ ಅಥವಾ ಸೋಡಿಯಂ ಕುಸಿತ, ಪಾರ್ಶ್ವವಾಯು, ಏನು ಬೇಕಾದರೂ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹೆಜ್ಜೆ 2: ಮಾತ್ರೆ ಡಬ್ಬಿಯನ್ನು ತಟ್ಟೆಗೆ ಸುರಿಯಿರಿ

ಅಡುಗೆಮನೆ ಕಪಾಟು, ದಿಂಬಿನ ಪಕ್ಕ, ಕೈಚೀಲ, ಎಲ್ಲಾ ಕಡೆಯಿಂದಲೂ ಮಾತ್ರೆ ತಂದು ಒಂದು ತಟ್ಟೆಯಲ್ಲಿ ಹಾಕಿ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ ಬರೆದುಕೊಳ್ಳಿ. ಬ್ರ್ಯಾಂಡ್ ಹೆಸರೊಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಮೆಟ್‌ಫಾರ್ಮಿನ್ ಇದೆಯೇ? ಸಕ್ಕರೆ ಕಾಯಿಲೆಗೆ ಒಳ್ಳೆಯ ಔಷಧ ಅದು, ನಿಲ್ಲಿಸುವ ಮಾತೇ ಇಲ್ಲ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು. ಹಾಗಾಗಿ ಆಗಾಗ ಪರೀಕ್ಷೆ ಮಾಡಿಸಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇವೆಯೇ? ನಾವು ಗ್ಯಾಸ್ ಮಾತ್ರೆ ಅನ್ನುತ್ತೇವಲ್ಲ, ಅವೇ. ಯಾವಾಗಲೋ ಹದಿನೈದು ದಿನಕ್ಕೆ ಅಂತ ಬರೆದುಕೊಟ್ಟಿದ್ದನ್ನು ಐದು ವರ್ಷ ಬೆಳಿಗ್ಗೆ ಕಾಫಿಗೆ ಮುಂಚೆ ನುಂಗುತ್ತಿರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಊಟದಲ್ಲಿರುವ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ಈ ಮಾತ್ರೆ ಮಾಡುವುದೇ ಆಮ್ಲ ಕಮ್ಮಿ. ಮೆಟ್‌ಫಾರ್ಮಿನ್ ಮತ್ತು ಗ್ಯಾಸ್ ಮಾತ್ರೆ ಎರಡೂ ಇದ್ದು, ಊಟವೂ ಸಸ್ಯಾಹಾರವಾಗಿದ್ದರೆ ಬಿ12 ಪರೀಕ್ಷೆ ತಡ ಮಾಡಬೇಡಿ.

ಇನ್ನೊಂದನ್ನು ಗಮನವಿಟ್ಟು ನೋಡಿ. ಕಾಲು ಉರಿಗೆ, ಜೋಮಿಗೆ ಕೊಡುವ ಮಾತ್ರೆಯಲ್ಲಿ ಮೀಥೈಲ್‌ಕೊಬಾಲಮಿನ್ ಜೊತೆ ಪ್ರೆಗಬಾಲಿನ್ ಕೂಡ ಇರುವುದು ತುಂಬಾ ಸಾಮಾನ್ಯ. ಮನೆಯವರು ಅದನ್ನು 'ನರದ ವಿಟಮಿನ್' ಅಂದುಕೊಂಡಿರುತ್ತಾರೆ. ಮೀಥೈಲ್‌ಕೊಬಾಲಮಿನ್ ಬಿ12 ಸರಿ, ಪ್ರೆಗಬಾಲಿನ್ ವಿಟಮಿನ್ ಅಲ್ಲ. ವಯಸ್ಸಾದವರಿಗೆ ಅದರಿಂದ ಮಂಪರು, ತಲೆಸುತ್ತು, ಗೊಂದಲ ಬರಬಹುದು. ಮರೆವಿಗೆ ವಿಟಮಿನ್ ಕೊಡುತ್ತಿದ್ದೇವೆ ಅಂದುಕೊಂಡು ಮಂಪರಿನ ಮಾತ್ರೆ ಕೊಡುತ್ತಿರಬಹುದು, ಅಲ್ವಾ?

ಆಲ್ಪ್ರಜೋಲಾಮ್‌ನಂಥ ನಿದ್ರೆ ಮಾತ್ರೆ, ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಇವುಗಳೂ ನೆನಪಿಗೆ ಅಡ್ಡಿ ಮಾಡುತ್ತವೆ. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಇದ್ದರೆ ಸೋಡಿಯಂ ಇಳಿಯಬಹುದು. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಅದರಲ್ಲೂ ಆಲ್ಪ್ರಜೋಲಾಮ್, ಪ್ರೆಗಬಾಲಿನ್ ಏಕಾಏಕಿ ಬಿಟ್ಟರೆ ತೊಂದರೆಯಾಗುತ್ತದೆ. ಪಟ್ಟಿ ಹಿಡಿದುಕೊಂಡು ಹೋಗಿ, 'ಇದರಲ್ಲಿ ಇನ್ನು ಬೇಡದ್ದು ಯಾವುದು ಡಾಕ್ಟ್ರೇ' ಅಂತ ಕೇಳಿ. ನನ್ನ ಪ್ರಕಾರ ಆ ಒಂದು ಪ್ರಶ್ನೆ ಯಾವ ಬ್ರೇನ್ ಟಾನಿಕ್‌ಗಿಂತಲೂ ಬೆಲೆಯುಳ್ಳದ್ದು.

ಹೆಜ್ಜೆ 3: ವಿಟಮಿನ್ ಶುರು ಮಾಡುವ ಮುಂಚೆ ರಕ್ತ ಕೊಡಿ

ಕ್ರಮ ಮುಖ್ಯ. ಬಿ12 ಮಾತ್ರೆ ನುಂಗಿ ಆಮೇಲೆ ಪರೀಕ್ಷೆ ಮಾಡಿಸಿದರೆ ಅಂಕಿ ಸುಮ್ನೆ ಮೇಲೇರಿರುತ್ತದೆ, ಮುಂಚೆ ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಬಿ12, ಹಿಮೋಗ್ಲೋಬಿನ್ ಸೇರಿದ ಪೂರ್ಣ ರಕ್ತ ಪರೀಕ್ಷೆ, ಥೈರಾಯ್ಡ್‌ನ ಟಿಎಸ್‌ಎಚ್, ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ಇಷ್ಟನ್ನು ವೈದ್ಯರು ಸಾಮಾನ್ಯವಾಗಿ ಬರೆಯುತ್ತಾರೆ. ಬರೆಯದಿದ್ದರೆ ನೀವೇ ಕೇಳಿ.

ಬಿ12 ಅಂಕಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. 200ರಿಂದ 300 ಗಡಿ. ಲ್ಯಾಬ್ ವರದಿಯಲ್ಲಿ ಆ ಗಡಿಯ ಅಂಕಿಯನ್ನೂ 'ನಾರ್ಮಲ್' ಅಂತ ಅಚ್ಚು ಹಾಕಿರಬಹುದು. ಲಕ್ಷಣ ಇದ್ದು ಅಂಕಿ ಗಡಿಯಲ್ಲಿದ್ದರೆ, ಬಿ12 ಕಮ್ಮಿಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ವಿಷಯವನ್ನು ಸ್ಪಷ್ಟ ಮಾಡುತ್ತದೆ.

'ರಕ್ತ ಚೆನ್ನಾಗಿದೆ, ಹಿಮೋಗ್ಲೋಬಿನ್ 12 ಇದೆ, ಬಿ12 ಯಾಕೆ ನೋಡಬೇಕು' ಎಂಬ ಮಾತನ್ನು ನಂಬಬೇಡಿ. ರಕ್ತಹೀನತೆ ಇಲ್ಲದೆಯೂ ಬಿ12 ಕೊರತೆಯಿಂದ ನರ, ಮನಸ್ಸು, ನೆನಪಿನ ತೊಂದರೆ ಬರುತ್ತದೆ ಅಂತ 1988ರಲ್ಲೇ ಅಮೆರಿಕದ ವೈದ್ಯರು ಪ್ರಕಟಿಸಿದ್ದಾರೆ. ಬರೀ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೊಂದು ಅಪಾಯ ಇದೆ. ಅದು ರಕ್ತವನ್ನು ಸರಿ ಮಾಡಿಬಿಡುತ್ತದೆ, ಒಳಗೆ ನರದ ಹಾನಿ ಮಾತ್ರ ಮುಂದುವರಿಯುತ್ತದೆ.

ಹೆಜ್ಜೆ 4: ನಿಜವಾಗಿ ಎಷ್ಟು ಬಿ12 ಹೊಟ್ಟೆಗೆ ಹೋಗುತ್ತಿದೆ, ಲೆಕ್ಕ ಹಾಕಿ

ದಿನಕ್ಕೆ ಬೇಕಾಗಿರುವುದು 2ರಿಂದ 2.5 ಮೈಕ್ರೋಗ್ರಾಂ, ಅಷ್ಟೇ. ಆದರೆ ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು, ಕಾಳು, ರಾಗಿ, ಹಣ್ಣು ಇವುಗಳನ್ನು ಎಷ್ಟು ತಿಂದರೂ ಬರುವುದಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಹುಟ್ಟುತ್ತದೆ ಎಂಬ ಮಾತಿದೆಯಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ಸ್ಪಿರುಲಿನಾದಲ್ಲಿ ಇರುವುದರಲ್ಲಿ ಹೆಚ್ಚಿನದು ನಮ್ಮ ದೇಹ ಬಳಸಲಾಗದ ನಕಲಿ ರೂಪ.

'ನಮ್ಮನೇಲಿ ಹಾಲು-ಮೊಸರು ಬೇಕಾದಷ್ಟು ಇದೆ' ಅಂತ ಎಲ್ಲರೂ ಹೇಳುತ್ತಾರೆ. ಒಂದು ದಿನ ಅಳತೆ ಲೋಟ ಇಟ್ಟುಕೊಂಡು ನೋಡಿ. ಬೆಳಿಗ್ಗೆ ಫಿಲ್ಟರ್ ಕಾಫಿ, ಅದರಲ್ಲಿ ಹಾಲು 70-80 ಮಿಲಿ. ಮಧ್ಯಾಹ್ನ ಅನ್ನಕ್ಕೆ ಬೀಳುವುದು ಮೊಸರಲ್ಲ, ಮಜ್ಜಿಗೆ, ಅದರಲ್ಲಿ ನೀರೇ ಮುಕ್ಕಾಲು. ಸಂಜೆ ಇನ್ನೊಂದು ಕಾಫಿ. ರಾತ್ರಿ 'ಹೊಟ್ಟೆ ಭಾರ' ಅಂತ ಒಂದು ಚಪಾತಿ, ಪಲ್ಯ. ಒಟ್ಟು ಹಾಲು ಕಾಲು ಲೀಟರ್ ಮುಟ್ಟುವುದೂ ಕಷ್ಟ. ನೂರು ಮಿಲಿ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂಗಿಂತ ಸ್ವಲ್ಪ ಕಮ್ಮಿ ಬಿ12 ಇರುತ್ತದೆ, ಮತ್ತೆ ಮತ್ತೆ ಕುದಿಸಿದರೆ ಅದೂ ಇಳಿಯುತ್ತದೆ. ಅಂದರೆ ದಿನಕ್ಕೆ ಬೇಕಾದ್ದರಲ್ಲಿ ಅರ್ಧವೂ ಆಗಲಿಲ್ಲ. ಅದರ ಮೇಲೆ ವಯಸ್ಸಾದ ಹೊಟ್ಟೆ ಅಷ್ಟನ್ನೂ ಪೂರ್ತಿ ಹೀರಿಕೊಳ್ಳುವುದಿಲ್ಲ.

ಚಾತುರ್ಮಾಸ್ಯ ಹಿಡಿಯುವ ಮನೆಗಳಲ್ಲಿ ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಕೊನೆಯ ತಿಂಗಳು ಬೇಳೆ-ಕಾಳಿಲ್ಲ. ವ್ರತ ಬಿಡಿ ಅಂತ ನಾನು ಹೇಳುತ್ತಿಲ್ಲ, ಹೇಳಿದರೂ ಅಜ್ಜಿ ಕೇಳುವುದಿಲ್ಲ. ದಧಿವ್ರತದಲ್ಲಿ ಹಾಲು ಜಾಸ್ತಿ ಮಾಡಿ, ಕ್ಷೀರವ್ರತದಲ್ಲಿ ಗಟ್ಟಿ ಮೊಸರು ಜಾಸ್ತಿ ಮಾಡಿ, ದ್ವಿದಳವ್ರತದಲ್ಲಿ ಎರಡನ್ನೂ ಜಾಸ್ತಿ ಮಾಡಿ. ಏಕಾದಶಿಯ ವಿಷಯದಲ್ಲಿ ಮಾತ್ರ ಎಚ್ಚರ. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಉಪವಾಸ ಇದ್ದರೆ ಸಕ್ಕರೆ ಕುಸಿದು ಪ್ರಜ್ಞೆಯೇ ತಪ್ಪಬಹುದು. ಉಪವಾಸದ ದಿನ ಡೋಸ್ ಏನು ಮಾಡಬೇಕು ಅಂತ ವೈದ್ಯರ ಹತ್ತಿರ ಮೊದಲೇ ಬರೆಸಿಕೊಳ್ಳಿ.

ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಸುಮಾರು ಅರ್ಧ ಮೈಕ್ರೋಗ್ರಾಂ. ಕರಾವಳಿಯವರಿಗೆ ಈ ಚಿಂತೆ ಕಮ್ಮಿ. ಒಂದು ಬಂಗುಡೆ ಅಥವಾ ಮೂರ್ನಾಲ್ಕು ಬೂತಾಯಿ ತಿಂದರೆ ಆ ದಿನದ ಅಗತ್ಯ ದಾಟಿಹೋಗುತ್ತದೆ. ರೇಷನ್ ಅಂಗಡಿಯಲ್ಲಿ ಸಾರವರ್ಧಿತ ಅಕ್ಕಿ ಸಿಕ್ಕಿದ್ದರೆ ಅದರಲ್ಲೂ ಕಬ್ಬಿಣ, ಫೋಲಿಕ್ ಆಸಿಡ್ ಜೊತೆ ಬಿ12 ಸೇರಿಸಿರುತ್ತಾರೆ. ಆದರೆ ಕಿಲೋಗೆ ಒಂದು ಮೈಕ್ರೋಗ್ರಾಂ ಆಸುಪಾಸು ಅಷ್ಟೇ, ಅದೊಂದನ್ನೇ ನಂಬಿ ಕೂರುವಂತಿಲ್ಲ. ಅಕ್ಕಿಯಲ್ಲಿ ಸ್ವಲ್ಪ ಬಣ್ಣ ಬೇರೆಯಾದ ಕಾಳು ಕಂಡರೆ ಪ್ಲಾಸ್ಟಿಕ್ ಅಕ್ಕಿ ಅಂತ ಆರಿಸಿ ಎಸೆಯಬೇಡಿ. ವಿಟಮಿನ್ ಇರುವುದೇ ಆ ಕಾಳಿನಲ್ಲಿ.

ಹೆಜ್ಜೆ 5: ಕೊರತೆ ಕಂಡರೆ ಮಾತ್ರೆಯೋ ಇಂಜೆಕ್ಷನ್ನೋ

ಕಾಲು ಜೋಮು, ಓಲಾಟ, ಸ್ಪಷ್ಟವಾದ ಮರೆವು ಇದ್ದರೆ ವೈದ್ಯರು ಸಾಮಾನ್ಯವಾಗಿ ಇಂಜೆಕ್ಷನ್‌ನಿಂದ ಶುರು ಮಾಡುತ್ತಾರೆ. ಅಂಥ ಲಕ್ಷಣ ಇಲ್ಲದಿದ್ದರೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ ಬಹಳ ಜನರಿಗೆ ಸಾಕಾಗುತ್ತದೆ. ಬೇಕಾಗಿರುವುದು ಎರಡೂವರೆ, ಕೊಡುವುದು ಸಾವಿರ ಯಾಕೆ? ಮಾತ್ರೆಯ ಬಿ12ಗೆ ಊಟದ ಬಿ12 ಹಾಗೆ ಆಮ್ಲದ ಸಹಾಯ ಬೇಡ. ಹೀರುವ ವ್ಯವಸ್ಥೆ ಪೂರ್ತಿ ಕೆಟ್ಟಿದ್ದರೂ ನೂರರಲ್ಲಿ ಒಂದು ಭಾಗದಷ್ಟು ತಾನಾಗಿಯೇ ಕರುಳು ದಾಟುತ್ತದೆ. ಸಾವಿರದಲ್ಲಿ ನೂರಕ್ಕೊಂದು ಅಂದರೆ ಹತ್ತು ಮೈಕ್ರೋಗ್ರಾಂ. ಅಗತ್ಯದ ನಾಲ್ಕು ಪಟ್ಟು!

ಎಷ್ಟು ದಿನ ಎನ್ನುವುದು ಕಾರಣದ ಮೇಲೆ ನಿಂತಿದೆ. ಮೆಟ್‌ಫಾರ್ಮಿನ್ ಮುಂದುವರಿಯುತ್ತದೆ, ಊಟ ಬದಲಾಗುವುದಿಲ್ಲ ಅಂದರೆ ಐದು ಇಂಜೆಕ್ಷನ್ ಕೊಟ್ಟು ಕೈತೊಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಆರು ತಿಂಗಳಲ್ಲಿ ಮತ್ತೆ ಅದೇ ಕತೆ. ನಮ್ಮಲ್ಲಿ ಜಾಸ್ತಿ ಆಗುವ ಎಡವಟ್ಟು ಇದೇ.

ನಿರೀಕ್ಷೆ ಎಷ್ಟಿಟ್ಟುಕೊಳ್ಳಬೇಕು? ರಕ್ತ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ನರ, ನೆನಪು ತಿಂಗಳುಗಳು ತೆಗೆದುಕೊಳ್ಳುತ್ತವೆ. ಕೊರತೆ ಹಳೆಯದಾಗಿದ್ದರೆ ಪೂರ್ತಿ ಮರಳದೆಯೂ ಇರಬಹುದು. ಬಿ12 ಸರಿಯಾಗಿಯೇ ಇರುವವರಿಗೆ ಇನ್ನಷ್ಟು ಕೊಟ್ಟರೆ ನೆನಪು ಚುರುಕಾಗುವುದಿಲ್ಲ. ಡಿಮೆನ್ಷಿಯಾ ತರುವ ಅಲ್ಜೈಮರ್ ಕಾಯಿಲೆ ಇದ್ದರೆ ಬಿ12 ಅದನ್ನು ವಾಸಿ ಮಾಡುವುದೂ ಇಲ್ಲ.

ಹೆಜ್ಜೆ 6: ಊಟದ ತಟ್ಟೆ

ಮೆದುಳಿನ ಆಹಾರದ ಹೆಸರಿನಲ್ಲಿ ಹೆಚ್ಚು ಸುದ್ದಿ ಮಾಡಿದ್ದು ಮೈಂಡ್ ಡಯಟ್. ಶಿಕಾಗೋದ ರಶ್ ವಿಶ್ವವಿದ್ಯಾಲಯದ ಮಾರ್ತಾ ಕ್ಲೇರ್ ಮಾರಿಸ್ ಮತ್ತು ಸಂಗಡಿಗರು 2015ರಲ್ಲಿ ಮುಂದಿಟ್ಟ ಕ್ರಮ ಇದು. ಸೊಪ್ಪು, ಕಾಳು, ಬೀಜಗಳು, ಇಡೀ ಧಾನ್ಯ, ಬೆರ್ರಿ, ಮೀನು ಜಾಸ್ತಿ. ಬೆಣ್ಣೆ, ಕರಿದದ್ದು, ಸಿಹಿ ಕಮ್ಮಿ. ಹೀಗೆ ತಿನ್ನುವವರಲ್ಲಿ ಮರೆವಿನ ಕಾಯಿಲೆ ಕಮ್ಮಿ ಅಂತ ಮೊದಲ ಅಧ್ಯಯನಗಳು ಹೇಳಿದವು. ಆದರೆ 604 ಜನರ ಮೇಲೆ ಮೂರು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂದಾಗ, ತಮ್ಮ ಮಾಮೂಲಿ ಊಟವನ್ನೇ ಸ್ವಲ್ಪ ಕಮ್ಮಿ ತಿಂದ ಗುಂಪಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದುಬಾರಿ ಬ್ಲೂಬೆರ್ರಿಗೆ ದುಡ್ಡು ಸುರಿಯಬೇಡಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಹತೋಟಿಯಲ್ಲಿಡುವ ಊಟವೇ ಮೆದುಳಿಗೂ ಒಳ್ಳೆಯದು. ಅದಕ್ಕೆ ಬೇಕಾದ್ದು ನಮ್ಮ ಅಡುಗೆಮನೆಯಲ್ಲೇ ಇದೆ.

ಹಳೇ ಮೈಸೂರು ಕಡೆಯವರಾದರೆ ವಾರಕ್ಕೆ ಮೂರ್ನಾಲ್ಕು ದಿನ ಬಸ್ಸಾರು, ಮಸ್ಸೊಪ್ಪು ಮಾಡಿ. ಸೊಪ್ಪು, ಕಾಳು ಎರಡೂ ಒಟ್ಟಿಗೆ ಬಂದವು. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿ, ಕಾಳು ಪಲ್ಯ, ಮೇಲೆ ಅಗಸಿ ಹಿಂಡಿ. ಅಗಸೆಯಲ್ಲಿ ಸಸ್ಯ ರೂಪದ ಒಮೆಗಾ-3 ಇದೆ. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿದ್ದೇ ಸರಿ. ಈ ವಿಷಯದಲ್ಲಿ ಹಿಂಡಿ ಕುಟ್ಟುವವರು ಯಾವಾಗಲೋ ಮುಂದಿದ್ದರು. ಮಲೆನಾಡಿನವರ ತಂಬುಳಿಯಲ್ಲಿ ಸೊಪ್ಪು, ಮೊಸರು ಒಟ್ಟಿಗೆ ಸಿಗುತ್ತವೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ಸೊಪ್ಪನ್ನು ಒಂದು ವಾರ ರಾಶಿ, ಒಂದು ವಾರ ಸೊನ್ನೆ ಮಾಡಬಾರದು. ಅದರ ವಿಟಮಿನ್ ಕೆ ಔಷಧದ ಲೆಕ್ಕ ತಪ್ಪಿಸುತ್ತದೆ. ದಿನಾ ಒಂದೇ ಅಳತೆ ಇರಲಿ.

ವಯಸ್ಸಾದವರ ತಟ್ಟೆಯಲ್ಲಿ ನಿಜವಾಗಿ ಖಾಲಿ ಇರುವುದು ಪ್ರೋಟೀನ್ ಜಾಗ. ಹಲ್ಲು ಇಲ್ಲ ಅಂತ ತಿಳಿಸಾರು ಅನ್ನ, ಎರಡು ಇಡ್ಲಿ, ಗಂಜಿ, ಇಷ್ಟರಲ್ಲೇ ದಿನ ಮುಗಿಯುತ್ತದೆ. ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು. 55 ಕಿಲೋ ಇರುವ ಅಮ್ಮನಿಗೆ 55ರಿಂದ 66 ಗ್ರಾಂ. ಎರಡು ಇಡ್ಲಿಯಲ್ಲಿ ನಾಲ್ಕೈದು ಗ್ರಾಂ ಸಿಕ್ಕರೆ ಹೆಚ್ಚು. ಅಗಿಯಲಾಗದಿದ್ದರೆ ತಿಳಿಸಾರಿನ ಬದಲು ಬೇಳೆ ಕಡೆದ ಗಟ್ಟಿ ತೊವ್ವೆ, ಹೆಸರುಬೇಳೆ ಪೊಂಗಲ್, ಮೆತ್ತಗಿನ ಪನೀರ್, ರಾಗಿ ಗಂಜಿಗೆ ನೀರಿನ ಬದಲು ಹಾಲು, ಶೇಂಗಾ ಪುಡಿ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ, ವೈದ್ಯರು ಹೇಳಿದಷ್ಟೇ. ಹಾಗೇ ದಂತವೈದ್ಯರ ಹತ್ತಿರವೂ ಒಮ್ಮೆ ಹೋಗಿಬನ್ನಿ. ಸಡಿಲವಾದ ಹಲ್ಲಿನ ಸೆಟ್ಟು ಇಡೀ ಊಟವನ್ನೇ ಕೆಡಿಸುತ್ತದೆ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿ-ಹಪ್ಪಳ ಸೇರಿ. ಸೋಡಿಯಂ ಈಗಾಗಲೇ ಇಳಿದಿರುವವರು ಉಪ್ಪು, ನೀರು ಎರಡನ್ನೂ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಉಳಿದವರಿಗೆ ಬಾಯಾರಿಕೆ ಆಗಲಿ ಅಂತ ಕಾಯದೆ ಹೊತ್ತುಹೊತ್ತಿಗೆ ನೀರು ಕೊಡಿ.

ಹೆಜ್ಜೆ 7: ಉಳಿದ ಮಾತ್ರೆ, ಟಾನಿಕ್‌ಗಳು

ವಿಟಮಿನ್ ಡಿ: ಕೊರತೆ ಇದ್ದರೆ ಮೂಳೆಗೆ, ಸ್ನಾಯುಗಳಿಗೆ ಬೇಕು. ವಾರಕ್ಕೊಂದು 60,000 ಯೂನಿಟ್ ಅಂತ ಎಂಟು ವಾರಕ್ಕೆ ಬರೆದುಕೊಟ್ಟಿದ್ದನ್ನು ಮೆಡಿಕಲ್ ಶಾಪಿನಿಂದ ತಂದು ತಂದು ವರ್ಷ ಪೂರ್ತಿ ತೆಗೆದುಕೊಳ್ಳುವವರಿದ್ದಾರೆ. ವಾರಕ್ಕೊಂದನ್ನು ದಿನಕ್ಕೊಂದು ಮಾಡಿಕೊಂಡವರೂ ಉಂಟು. ಜಾಸ್ತಿಯಾದರೆ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಮಂಕು, ಗೊಂದಲ ಬರುತ್ತದೆ. ಮರೆವಿಗೆ ಅಂತ ತೆಗೆದುಕೊಂಡ ವಿಟಮಿನ್ನೇ ಮಂಕು ಕವಿಸಿದ ಹಾಗೆ.

ಬಿ6 ಕೂಡ ಅಷ್ಟೇ. ಬಿ-ಕಾಂಪ್ಲೆಕ್ಸ್, ನರದ ಮಾತ್ರೆ, ಮಲ್ಟಿವಿಟಮಿನ್ ಮೂರನ್ನೂ ಒಟ್ಟಿಗೆ ನುಂಗಿದರೆ ಬಿ6 ಮೂರು ಕಡೆಯಿಂದ ಸೇರುತ್ತದೆ. ಹೆಚ್ಚಿನ ಪ್ರಮಾಣ ಬಹಳ ಕಾಲ ಮುಂದುವರಿದರೆ ಅದೇ ನರಕ್ಕೆ ಹಾನಿ.

ಮಲ್ಟಿವಿಟಮಿನ್ ಬಗ್ಗೆ ಅಮೆರಿಕದ ಕಾಸ್ಮೋಸ್ ಪ್ರಯೋಗಗಳು 2022ರಿಂದೀಚೆಗೆ ನೆನಪಿನ ವಿಷಯದಲ್ಲಿ ಸಣ್ಣ ಲಾಭ ತೋರಿಸಿವೆ. ಊಟ ಸರಿಯಾಗಿ ಸೇರದವರಿಗೆ ದಿನಕ್ಕೊಂದು ಸಾಧಾರಣ ಮಾತ್ರೆ ಕೊಡುವುದರಲ್ಲಿ ತಪ್ಪಿಲ್ಲ. ಆಕ್ಸ್‌ಫರ್ಡ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಣ್ಣ ಮಟ್ಟದ ಮರೆವು ಇದ್ದವರಿಗೆ ಎರಡು ವರ್ಷ ಫೋಲಿಕ್ ಆಸಿಡ್, ಬಿ6, ಬಿ12 ಕೊಟ್ಟಾಗ ಮೆದುಳು ಕುಗ್ಗುವ ವೇಗ ತಗ್ಗಿತ್ತು. ಲಾಭ ಕಂಡಿದ್ದು ಮುಖ್ಯವಾಗಿ ಹೋಮೋಸಿಸ್ಟೀನ್ ಜಾಸ್ತಿ ಇದ್ದವರಲ್ಲಿ. ಅಲ್ಲಿಗೆ ಮತ್ತೆ ಪರೀಕ್ಷೆಯ ಮಾತಿಗೇ ಬಂದೆವು.

ನೆನಪಿಗೆ ಅಂತ ಮಾರುವ ಗಿಂಕ್ಗೊ ಎಲೆಯ ಸಾರ ಬೇಡ. ಮೂರು ಸಾವಿರಕ್ಕೂ ಹೆಚ್ಚು ವಯಸ್ಸಾದವರ ಮೇಲೆ ನಡೆದ ದೊಡ್ಡ ಪ್ರಯೋಗ 2008ರಲ್ಲಿ ಡಿಮೆನ್ಷಿಯಾ ತಡೆಯುವುದಿಲ್ಲ ಅಂತ ತೋರಿಸಿತು. ಆಸ್ಪಿರಿನ್, ವಾರ್ಫರಿನ್ ಜೊತೆ ರಕ್ತಸ್ರಾವದ ಭಯ ಬೇರೆ. ಕೊಬ್ಬರಿ ಎಣ್ಣೆಗೆ ಗಟ್ಟಿ ಪುರಾವೆ ಇಲ್ಲ. ಬ್ರಾಹ್ಮಿ ಹೆಸರಿನಲ್ಲಿ ನಮ್ಮಲ್ಲಿ ಎರಡು ಗಿಡ ಓಡಾಡುತ್ತವೆ, ನೀರುಬ್ರಾಹ್ಮಿ ಮತ್ತು ಒಂದೆಲಗ. ನೀರುಬ್ರಾಹ್ಮಿಯ ಮೇಲೆ ಸಣ್ಣ ಪ್ರಯೋಗಗಳಾಗಿವೆ, ಕೆಲವದರಲ್ಲಿ ಅಲ್ಪ ಲಾಭ ಕಂಡಿದೆ. ಒಂದೆಲಗದ ತಂಬುಳಿ, ಚಟ್ನಿ ಊಟವಾಗಿ ತಿನ್ನಲು ಯಾವ ಅಡ್ಡಿಯೂ ಇಲ್ಲ, ರುಚಿಯೂ ಇದೆ. ಕ್ಯಾಪ್ಸೂಲ್ ಮಾತ್ರ ವೈದ್ಯರಿಗೆ ತಿಳಿಸದೆ ಶುರು ಮಾಡಬೇಡಿ.

ಹೆಜ್ಜೆ 8: ಊಟದ ಜೊತೆ ಬೇರೆಯದೂ ಬೇಕು

ಫಿನ್‌ಲೆಂಡ್‌ನಲ್ಲಿ 60ರಿಂದ 77 ವಯಸ್ಸಿನ 1260 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವರ್ಷ ಊಟದ ಸಲಹೆ, ವ್ಯಾಯಾಮ, ಮೆದುಳಿಗೆ ಕೆಲಸ, ಬಿಪಿ-ಸಕ್ಕರೆ ನಿಗಾ ಎಲ್ಲವನ್ನೂ ಒಟ್ಟಿಗೆ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಗುಂಪಿನವರು ಇನ್ನೊಂದಕ್ಕಿಂತ ಮುಂದಿದ್ದರು. ಆದ್ದರಿಂದ ದಿನಾ ನಡಿಗೆ, ಬಿಪಿ ಹತೋಟಿ, ಕಿವಿ ಪರೀಕ್ಷೆ, ಜನರ ಜೊತೆ ಮಾತುಕತೆ ಇವನ್ನು ಬಿಟ್ಟು ಬರೀ ಊಟ ತಿದ್ದಿದರೆ ಅರ್ಧ ಕೆಲಸವೇ. ನಮ್ಮ ಹಳ್ಳಿಯವರ ಮೆದುಳಿಗೆ ವಯಸ್ಸಾಗುವ ಬಗೆ ಹೇಗೆ ಅಂತ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದ್ದಾರೆ. ನಮ್ಮ ಊಟ, ನಮ್ಮ ಬದುಕಿಗೆ ಹೊಂದುವ ಉತ್ತರ ಇಂಥ ಕೆಲಸದಿಂದಲೇ ಬರಬೇಕು.

ದೂರದೂರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳಿಗೆ ಒಂದು ಮಾತು. ಫೋನ್‌ನಲ್ಲಿ 'ಊಟ ಆಯ್ತಾ' ಅಂತ ಕೇಳಿದರೆ 'ಆಯ್ತಪ್ಪ' ಎಂಬ ಉತ್ತರವೇ ಬರುತ್ತದೆ. ಊಟದ ಹೊತ್ತಿಗೇ ವಿಡಿಯೋ ಕರೆ ಮಾಡಿ, ತಟ್ಟೆ ನೋಡಿ. ಒಬ್ಬರೇ ಇರುವ ಹಿರಿಯರಿಗೆ ನೆರವು ಬೇಕಾದರೆ 14567 ಹಿರಿಯರ ಸಹಾಯವಾಣಿ ಇದೆ. ಖಿನ್ನತೆ ಇರಬಹುದು ಅನ್ನಿಸಿದರೆ 14416 ಟೆಲಿ-ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ನೋಟ್‌ಬುಕ್ ತೆರೆದು ಹೋಲಿಸಿ. ಅಂಕಿಗಳೆಲ್ಲ ಸರಿಯಾಗಿದ್ದೂ ಮರೆವು ಹಾಗೇ ಇದ್ದರೆ ಅಥವಾ ಜಾಸ್ತಿಯಾಗಿದ್ದರೆ ಇನ್ನೊಂದು ವಿಟಮಿನ್ ಹುಡುಕಬೇಡಿ. ನೋಟ್‌ಬುಕ್, ಮಾತ್ರೆ ಪಟ್ಟಿ, ಎರಡೂ ಸಲದ ವರದಿ ತೆಗೆದುಕೊಂಡು ನರರೋಗ ತಜ್ಞರನ್ನೋ, ನಿಮ್ಹಾನ್ಸ್‌ನಂಥ ಕಡೆ ವೃದ್ಧರ ವಿಭಾಗವನ್ನೋ ಕಾಣಿ. ದಿನಾ ಅವರ ಜೊತೆ ಇರುವವರೇ ಜೊತೆಗೆ ಹೋಗಲಿ. ಯಾಕೆಂದರೆ ಡಾಕ್ಟರು 'ಏನಮ್ಮ, ಮರೆವು ಇದೆಯಾ' ಅಂತ ಕೇಳಿದಾಗ ಅಮ್ಮ 'ಏನೂ ಇಲ್ಲ, ಚೆನ್ನಾಗಿದೀನಿ' ಅಂತಲೇ ಹೇಳುತ್ತಾರೆ.